ಇಲ್ಲದ ಮಗಳಿಗೊಂದು ರೈನ್‌ಕೋಟು

"ಯಾರಿಗೆ ಆಂಟಿ, ಮಗಳಿಗಾ?" ಅಂತ ಅಂಗಡಿ ಹುಡುಗ ಕೇಳಿದ. "ಹೌದಪ್ಪ, ಮಗಳಿಗೆ" ಅಂದೆ.

ನನಗೆ ಮಗಳೇ ಇಲ್ಲ. ಇರುವುದು ಒಬ್ಬ ಮಗ, ಅವನು ಬೆಂಗಳೂರಲ್ಲಿದ್ದಾನೆ.

ಇದು ಮಂಗಳವಾರ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ನಡೆದದ್ದು. ಇವತ್ತು ಶುಕ್ರವಾರ. ಹಾಲು ಕಾಯಿಸುವಾಗ, ಪಾತ್ರೆ ತೊಳೆಯುವಾಗ ಅದೇ ಮಾತು ಕಿವಿಯಲ್ಲಿ. ಮಗಳಿಗಾ? ಹೌದಪ್ಪ. ಸುಳ್ಳು ಎಷ್ಟು ಸಲೀಸಾಗಿ ಬಂತು!

ರೈನ್‌ಕೋಟಿನ ಬೆಲೆ 2,350 ರೂಪಾಯಿ. ತೀರ್ಥಹಳ್ಳಿ ಕಡೆಯ ನಮ್ಮ ತೋಟಕ್ಕೆ ಇಷ್ಟು ವರ್ಷ ನಾನು ಹೋಗಿದ್ದು ಗೊಬ್ಬರದ ಚೀಲದ ಕೊಪ್ಪೆ ಹಾಕಿಕೊಂಡು. ಚೀಲದ ಒಂದು ಮೂಲೆಯನ್ನು ಇನ್ನೊಂದರ ಒಳಗೆ ತೂರಿಸಿ ತಲೆಗೆ ಸಿಕ್ಕಿಸಿದರೆ ಆಯ್ತು, ಬಿಡಿಗಾಸು ಖರ್ಚಿಲ್ಲ. ಬೆನ್ನು ನೆನೆಯುವುದಿಲ್ಲ. ಎದುರಿನಿಂದ ಹೊಡೆದ ಇರಚಲು ಮಾತ್ರ ಸೀದಾ ಎದೆಗೆ.

2000ನೇ ಇಸವಿ ಕಳೆದ ಮೇಲೆ ಅಡಿಕೆ ಬೆಲೆ ನೆಲ ಕಚ್ಚಿತಲ್ಲ, ಆಗ ಶುರುವಾದ ಕೈಹಿಡಿತ ನನ್ನದು. ಸೊಸೈಟಿ ಸಾಲ, ಅಡವಿಟ್ಟ ಬಳೆ. ಸ್ವಲ್ಪ ಉಸಿರಾಡುವ ಹೊತ್ತಿಗೆ 2018ರ ಮಳೆ. ಎರಡನೇ ಸಲ ಬೋರ್ಡೋ ಔಷಧಿ ಹೊಡೆಯಲು ಬಿಡುವೇ ಕೊಡಲಿಲ್ಲ, ಕೊಳೆರೋಗ ಬಂದು ಹಸಿ ಕಾಯೆಲ್ಲ ಮರದ ಬುಡಕ್ಕೆ. ಸೋಪಿನ ಚೂರನ್ನು ಹೊಸ ಸೋಪಿಗೆ ಅಂಟಿಸುವುದು, ಪೇಸ್ಟಿನ ಟ್ಯೂಬನ್ನು ಕತ್ತರಿಸಿ ಕೆರೆಯುವುದು, ಇದೆಲ್ಲ ನಿಮ್ಮ ಮನೆಯಲ್ಲೂ ಇದ್ದೀತು. ನಾನು ಇನ್ನೂ ಒಂದು ಕೈ ಮೇಲೆ. 2023ರಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ ಆಯಿತು. ನಮ್ಮ ದಾರಿಯಲ್ಲಿ ಖಾಸಗಿ ಬಸ್ಸೇ ಜಾಸ್ತಿ. ನಾಲ್ಕು ಬಸ್ಸು ಮುಂದೆ ಬಿಟ್ಟು, ಆಧಾರ್ ಕಾರ್ಡ್ ಹಿಡಿದು, ಒಂದು ಗಂಟೆ ಮಳೆಯಲ್ಲಿ ನಿಂತಿದ್ದೇನೆ.

ಸಾಲ ತೀರಿ ಮೂರು ವರ್ಷವಾಯಿತು. ರಾಶಿ ದರ್ಜೆಯ ಅಡಿಕೆ ಕ್ವಿಂಟಾಲಿಗೆ 50,000 ದಾಟಿದ್ದನ್ನೂ ನೋಡಿಯಾಯಿತು. ಕೈ ಮಾತ್ರ ಬಿಚ್ಚಲಿಲ್ಲ.

"ಅವರ ಅಳತೆ ಏನು ಆಂಟಿ?"

"ಹೆಚ್ಚುಕಮ್ಮಿ ನನ್ನಷ್ಟೇ ಇದ್ದಾಳೆ."

"ಹಾಗಾದ್ರೆ ನೀವೇ ಹಾಕಿ ನೋಡಿ."

ಹಳದಿ ಬಣ್ಣ, ಹದ ಹಣ್ಣಾದ ಅಡಿಕೆಯದ್ದು. ಗುಂಡಿ ಹಾಕಿದಾಗ ಟಪ್ ಅಂತ ಸದ್ದು. ಒಳಗೊಂದು ಜೇಬು, ಅದಕ್ಕೂ ಜಿಪ್ಪು. ಕನ್ನಡಿಯಲ್ಲಿ ನೋಡಿಕೊಂಡೆ, ನಗು ಬಂತು. "ಮಗಳಿಗೆ ಚೆನ್ನಾಗಿ ಕಾಣುತ್ತೆ ಬಿಡಿ" ಅಂದ. ಒಳ್ಳೆ ಹುಡುಗ. ಅವನ ಯಜಮಾನ ಮೊಬೈಲಿನಿಂದ ಕತ್ತೆತ್ತಿದ್ದು ದುಡ್ಡು ಎಣಿಸುವಾಗ ಮಾತ್ರ.

ಮನೆಗೆ ಬಂದರೆ ನಮ್ಮವರ ಮೊದಲ ಮಾತು, "ಎಷ್ಟಾಯ್ತು?" ಅದೇನು ಅಂತಲೂ ಕೇಳಲಿಲ್ಲ. "ಸಾವಿರದ ಇನ್ನೂರು" ಅಂದೆ. ಒಂದೇ ದಿನಕ್ಕೆ ಎರಡು ಸುಳ್ಳು. ಅವರಿಗೆ ಅದೂ ಜಾಸ್ತಿಯೇ. ನನ್ನ ಓರಗಿತ್ತಿ ಆಗಿದ್ದರೆ ಇನ್ನೂರು ಸೇರಿಸಿ ಹೇಳುತ್ತಿದ್ದಳು. ಅವಳ ಕೈಯಲ್ಲಿ ದುಡ್ಡು ನಿಲ್ಲುವುದಿಲ್ಲ ಅಂತ ಊರೆಲ್ಲ ಆಡಿಕೊಂಡವಳು ನಾನು. ಈಗ ಅನ್ನಿಸುತ್ತದೆ, ಅರ್ಧ ಹೊಟ್ಟೆಕಿಚ್ಚು.

ಅಮ್ಮ ಹೋದ ಮೇಲೆ ಅವಳ ಟ್ರಂಕು ತೆಗೆದಿದ್ದೆವು. ಸೀರೆಗಳ ನಡುವೆ ಹನ್ನೊಂದು ಮೈಸೂರು ಸ್ಯಾಂಡಲ್ ಸೋಪು. ಮದುವೆ ಮುಂಜಿಗಳಲ್ಲಿ ಬಂದದ್ದು, ಒಂದನ್ನೂ ಬಿಚ್ಚಿರಲಿಲ್ಲ. ಅವಳು ಕೊನೆತನಕ ಮೈಗೆ ಹಚ್ಚಿದ್ದು ಬಟ್ಟೆ ಸೋಪು. ಒಂದನ್ನು ಬಚ್ಚಲಿಗೆ ಒಯ್ದೆ. ಒಣಗಿ ಸೀಳು ಬಿಟ್ಟಿತ್ತು, ಎಷ್ಟು ಉಜ್ಜಿದರೂ ನೊರೆಯೇ ಬರಲಿಲ್ಲ. ಅಮ್ಮನೂ ಅದನ್ನು ಯಾರಿಗೋ ಅಂತ ಇಟ್ಟಿರಬೇಕು. ಬಹುಶಃ ನನಗೆ. ನಾನೂ ಉಳಿದ ಹತ್ತನ್ನು ತಂದು ಬೀರುವಿನಲ್ಲಿಟ್ಟೆ!

ನಿನ್ನೆ ಒಳ್ಳೆ ಜಡಿಮಳೆ. ಹಳದಿ ಕೋಟು ಹಾಕಿ ತೋಟಕ್ಕಿಳಿದೆ. ಕೆಲಸವೇನೂ ಇರಲಿಲ್ಲ, ಸುಮ್ನೆ. ಕಾಲುವೆ ಸಂಕದ ಮೇಲೆ ಎಷ್ಟೋ ಹೊತ್ತು ನಿಂತೆ. ಹನಿ ಕೋಟಿನ ಮೇಲೆ ಬಿದ್ದು ಜಾರುವುದನ್ನೇ ನೋಡಿದೆ. ಎದೆ ಬೆಚ್ಚಗಿತ್ತು. ಕಾಲು ಮಾತ್ರ ಮೊಣಕಾಲಿನವರೆಗೂ ಒದ್ದೆ, ಬೆರಳ ಸಂದಿಯಲ್ಲಿ ರಕ್ತ ಹೀರುವ ಇಂಬಳ.

ಮುಂದಿನ ಮಂಗಳವಾರ ಮಂಡಿಗೆ ಹೋಗುವುದಿದೆ. ಮೊದಲು ಬಂದ ಬಸ್ಸು ಹತ್ತುತ್ತೇನೆ. ಆ ಹುಡುಗ ಸಿಕ್ಕಿ, ಮಗಳಿಗೆ ಸರಿಹೋಯ್ತಾ ಆಂಟಿ ಅಂತ ಕೇಳಿದರೆ, ಸರಿಹೋಯ್ತಪ್ಪ, ಈಗ ಅವಳಿಗೆ ಗಮ್‌ಬೂಟು ಬೇಕಂತೆ ಅನ್ನುತ್ತೇನೆ.