ಒಂದೇ ಸಲ ಒತ್ತಿದ್ದು ಕಣೋ

ಸೋಮವಾರದಿಂದ ಅಮ್ಮನ ಮಾತೊಂದು ಕಿವಿಯಲ್ಲೇ ಇದೆ. "ನಾನು ಒಂದೇ ಸಲ ಒತ್ತಿದ್ದು ಕಣೋ."

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ತಂದ 16 ಗುಂಡಿಯ ತೆಳು ಕೀಪ್ಯಾಡ್, ಪ್ರೋಗ್ರಾಂ ಹಾಕಿ ಓಡಿಸೋ ಪುಟ್ಟ ಬೋರ್ಡು ಹಳೇ ಆರ್ಡುಯಿನೋ ಊನೋ, ಹೇಳಿದಷ್ಟೇ ತಿರುಗೋ ಒಂದು ಸರ್ವೋ ಮೋಟಾರು. ಇಷ್ಟರಲ್ಲೇ ಬೀರುವಿಗೆ ನಂಬರ್ ಬೀಗ ಮಾಡಿದ್ದೆ. ನಾನು ಒತ್ತಿದರೆ ತೆರೆಯುತ್ತೆ, ಅಮ್ಮ ಒತ್ತಿದರೆ ಬಜರ್ ಕಿರುಚುತ್ತೆ. "ಎರಡೆರಡು ಸಲ ಒತ್ತಬೇಡಮ್ಮ" ಅಂದೆ. ಆಗಲೇ ಆ ಮಾತು ಬಂದಿದ್ದು. ಊಟಕ್ಕೆ ಬಂದಿದ್ದ ಭಾವ, "ವಯಸ್ಸಾಯ್ತಲ್ಲ, ಕೈ ನಡುಗುತ್ತೆ ಬಿಡು" ಅಂದರು. ಭಾವನಿಗೆ ರಿಮೋಟಿಗೆ ಸೆಲ್ ಹಾಕೋಕೂ ಬರಲ್ಲ, ಅದಿರಲಿ.

ರಾತ್ರಿ ಲ್ಯಾಪ್‌ಟಾಪ್ ಜೋಡಿಸಿ, ಬೋರ್ಡು ಕಳಿಸಿದ್ದನ್ನು ಪರದೆ ಮೇಲೆ ತೋರಿಸೋ ಸೀರಿಯಲ್ ಮಾನಿಟರ್ ತೆರೆದು, ಅಮ್ಮನ ಬೆರಳನ್ನೇ ನೋಡುತ್ತಾ ಕೂತೆ. ಅನ್ನದ ಅಗುಳು ಬೆಂದಿದೆಯಾ ಅಂತ ಹಿಸುಕಿ ನೋಡ್ತಾರಲ್ಲ, ಹಾಗೆ ನಿಧಾನಕ್ಕೆ 1 ಒತ್ತಿದಳು. ಒಂದೇ ಸಲ. ಪರದೆ ಮೇಲೆ 1, ಅದರ ಕೆಳಗೆ ಇನ್ನೊಂದು 1.

ತಪ್ಪು ನನ್ನದೇ. ಆ ಕೀಪ್ಯಾಡಿಗೆ ಇರೋದು ಎಂಟೇ ವೈರು, ನಾಲ್ಕು ಅಡ್ಡಸಾಲಿಗೆ, ನಾಲ್ಕು ಉದ್ದಸಾಲಿಗೆ. ಅಡ್ಡಸಾಲುಗಳನ್ನು ಸರದಿ ಮೇಲೆ ಸೊನ್ನೆ ವೋಲ್ಟಿಗೆ ಇಳಿಸಿ, ಯಾವ ಉದ್ದಸಾಲು ಜೊತೆಗೆ ಇಳಿಯಿತು ಅಂತ ನೋಡಿದರೆ ಗುಂಡಿ ಯಾವುದು ಅಂತ ಸಿಗುತ್ತೆ. ಅಷ್ಟನ್ನು ಸರಿಯಾಗೇ ಬರೆದಿದ್ದೆ. ಆದರೆ ಗುಂಡಿಯೊಳಗಿನ ಎರಡು ಪದರ ಒಂದೇ ಏಟಿಗೆ ಕೂಡಲ್ಲ, ಕೆಲವು ಮಿಲಿಸೆಕೆಂಡು ತಾಗಿ ಬಿಟ್ಟು ತಾಗಿ ಮಾಡುತ್ತೆ. 16 ಮೆಗಾಹರ್ಟ್ಸಿನ ಚಿಪ್ಪಿಗೆ ಅದೇ ಒಂದು ಯುಗ, ಪ್ರತಿ ತಾಗುವಿಕೆಯನ್ನೂ ಬೇರೆ ಬೇರೆ ಅಂತ ಎಣಿಸುತ್ತೆ. ಬದಲಾವಣೆ ಕಂಡರೆ 20 ಮಿಲಿಸೆಕೆಂಡು ತಡೆದು ಇನ್ನೊಮ್ಮೆ ನೋಡು ಅನ್ನೋ ಎರಡು ಸಾಲು ಕೋಡ್ ಬೇಕಿತ್ತು, ಅಷ್ಟೇ. ಬೇರೆಯವರು ಬರೆದಿಟ್ಟ ಸಿದ್ಧ ಕೋಡ್, ಅಂದರೆ ಕೀಪ್ಯಾಡ್ ಲೈಬ್ರರಿ ಹಾಕಿದ್ದರೆ ಅದು ತಾನಾಗೇ ಬರ್ತಿತ್ತು. ಸ್ವಂತ ಬರೀತೀನಿ ಅನ್ನೋ ಜಂಬ ನನಗೆ. ಪರೀಕ್ಷೆ ಮಾಡಿದ್ದೂ ನನ್ನ ಹೆಬ್ಬೆರಳಲ್ಲೇ, ಟಪಟಪ ಅಂತ ಕುಟ್ಟಿ.

ಎಟಿಎಮ್ಮಿನಲ್ಲಿ ಅಮ್ಮ ಪಿನ್ ಒತ್ತುವ ಮೊದಲು ಬೆರಳನ್ನು ಸೆರಗಿಗೆ ಒರೆಸಿಕೊಳ್ತಾಳೆ. ಎಷ್ಟು ವರ್ಷದಿಂದ ನೋಡ್ತಿದ್ದೀನಿ, ಯಾಕೆ ಅಂತ ಒಂದು ದಿನವೂ ಕೇಳಿರಲಿಲ್ಲ. ಈ ವಾರ ಕೇಳಿದೆ. "ನನ್ನ ಬೆರಳು ಮಿಷನ್ನಿಗೆ ಹಿಡಿಸಲ್ಲ ಅಂತ ನೀನೇ ಹೇಳಿದ್ದೆ ಅಲ್ವಾ" ಅಂದಳು. ನನಗೆ ನೆನಪೇ ಇಲ್ಲ.

ನಿನ್ನೆ ಬೀರು ಒಂದೇ ಸಲಕ್ಕೆ ತೆರೆಯಿತು. ಅಮ್ಮ ಸೀರೆ ತೆಗೆದುಕೊಂಡು, ಬಾಗಿಲು ಹಾಕಿ, "ಹಳೇ ಕೀಲಿಕೈ ಎಲ್ಲಿಟ್ಟಿದ್ದೀಯೋ? ಕರೆಂಟ್ ಹೋದರೆ ಬೇಕಾಗುತ್ತೆ" ಅಂದಳು.