ಕೊಲ್ಹಾರದ ಹಾದಿಯಲ್ಲಿ ಬೆರಿಲ್ ಬರ್ಟನ್

ವಿಜಯಪುರದಿಂದ ಬಾಗಲಕೋಟೆಗೆ ಸೈಕಲ್ ಮೇಲೆ ಹೊರಟವರು ನಸುಕಿನಲ್ಲೇ ಊರು ಬಿಡುವುದು ಲೇಸು. ರಾಜ್ಯಕ್ಕೆ ಒಳ್ಳೆಯ ಸೈಕಲ್ ಪಟುಗಳನ್ನು ಕೊಟ್ಟ ಈ ಎರಡು ಜಿಲ್ಲೆಗಳ ನಡುವಿನ ತೊಂಬತ್ತು ಕಿಲೋಮೀಟರಿನ ಆಸುಪಾಸಿನ ಹೆದ್ದಾರಿಯಲ್ಲಿ ಏರಿಳಿತ ಹೆಚ್ಚಿಲ್ಲ. ಹೊತ್ತೇರಿದ ಮೇಲೆ ಏಳುವ ಗಾಳಿ ಮತ್ತು ಕಬ್ಬು ಹೇರಿದ ಟ್ರ್ಯಾಕ್ಟರುಗಳೇ ಇಲ್ಲಿನ ಕಷ್ಟ. ಜುಮನಾಳ, ಮುಳವಾಡಗಳನ್ನು ದಾಟಿ ಕೊಲ್ಹಾರ ಸೇರಿದಾಗ ಬಿಸಿಲು ಇನ್ನೂ ಎಳೆಯದಿತ್ತು. ಅಲ್ಲಿ ಮಣ್ಣಿನ ಗಡಿಗೆಯ ಮೊಸರು ಸವಿಯುತ್ತಿದ್ದಾಗ, ನಮ್ಮ ಗುಂಪಿನಲ್ಲಿದ್ದ, ರಸ್ತೆ ಸ್ಪರ್ಧೆಗೆ ತಯಾರಾಗುತ್ತಿದ್ದ ಹುಡುಗಿ, "ಗಂಡಸರ ದಾಖಲೀನ ಹೆಣ್ಮಕ್ಕಳು ಮುರದದ್ದು ಎಲ್ಲೆರೆ ಐತೇನ್ರಿ ಸರ್?" ಎಂದು ಕೇಳಿದಳು. ಇಂಗ್ಲೆಂಡಿನ ಸೈಕಲ್ ಪಟು ಬೆರಿಲ್ ಬರ್ಟನ್ ಮಾತು ಹೊರಟದ್ದು ಹಾಗೆ.

1937ರಲ್ಲಿ ಲೀಡ್ಸ್ ನಗರದಲ್ಲಿ ಹುಟ್ಟಿದ ಬೆರಿಲ್ ಬಾಲ್ಯದಲ್ಲಿ ಸಂಧಿವಾತ ಜ್ವರಕ್ಕೆ ತುತ್ತಾಗಿ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದವರು. ಮೈದಣಿಯುವ ಕೆಲಸ ಕೂಡದೆಂದು ವೈದ್ಯರು ಎಚ್ಚರಿಸಿದ್ದರು. ಅವರಿಗೆ ಸೈಕಲ್ಲಿನ ಹುಚ್ಚು ಹಿಡಿಸಿದವರು ಪತಿ ಚಾರ್ಲಿ. ಮಾರ್ಲಿ ಎಂಬಲ್ಲಿ ರೂಬಾರ್ಬ್ ಎಂಬ ಹುಳಿ ದಂಟನ್ನು ಬೆಳೆಯುವ ಹೊಲದಲ್ಲಿ ಮೈಮುರಿದು ದುಡಿಯುತ್ತಲೇ ಅವರು 1960 ಮತ್ತು 1967ರಲ್ಲಿ ರಸ್ತೆ ಸ್ಪರ್ಧೆಯ ವಿಶ್ವ ಚಾಂಪಿಯನ್ ಆದರು. ಟ್ರ್ಯಾಕ್‌ನ ಎರಡು ಎದುರು ಬದಿಗಳಿಂದ ಹೊರಟು ಒಬ್ಬರನ್ನೊಬ್ಬರು ಬೆನ್ನಟ್ಟುವ ಪರ್ಸ್ಯೂಟ್ ಸ್ಪರ್ಧೆಯಲ್ಲಿ ಐದು ಬಾರಿ ವಿಶ್ವ ಪ್ರಶಸ್ತಿ ಗೆದ್ದರು. ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ರಸ್ತೆ ಸೈಕ್ಲಿಂಗ್ ಆರಂಭವಾದದ್ದೇ 1984ರಲ್ಲಿ. ಅಷ್ಟರಲ್ಲಿ ಅವರ ಉಚ್ಛ್ರಾಯ ಕಾಲ ಮುಗಿದಿತ್ತು.

ಹುಡುಗಿಯ ಪ್ರಶ್ನೆಗೆ ಉತ್ತರವಿರುವುದು 1967ರ ಸೆಪ್ಟೆಂಬರಿನಲ್ಲಿ. ಒಬ್ಬೊಬ್ಬರನ್ನೇ ಅಂತರ ಬಿಟ್ಟು ಹೊರಡಿಸಿ, ಯಾರು ಎಷ್ಟು ದೂರ ತುಳಿಯುತ್ತಾರೆಂದು ಅಳೆಯುವ ಹನ್ನೆರಡು ಗಂಟೆಗಳ ಟೈಮ್ ಟ್ರಯಲ್‌ನಲ್ಲಿ ಮಹಿಳೆಯರನ್ನು ಪುರುಷರ ನಂತರ ಬಿಟ್ಟಿದ್ದರು. ಬೆರಿಲ್ ಒಬ್ಬೊಬ್ಬರನ್ನೇ ಹಿಂದೆ ಹಾಕುತ್ತ, ಕೊನೆಗೆ ಪುರುಷರ ಹೊಸ ದಾಖಲೆಯತ್ತ ಸಾಗುತ್ತಿದ್ದ ಮೈಕ್ ಮೆಕ್‌ನಮಾರಾ ಅವರನ್ನೂ ಹಿಡಿದು, ಜ್ಯೇಷ್ಠಮಧುವಿನ ಮಿಠಾಯಿಯೊಂದನ್ನು ಅವರ ಕೈಗಿತ್ತು ಮುಂದೆ ಹೋದರು. ಈ ಮಿಠಾಯಿಯ ಕಥೆ ರುಚಿಕಟ್ಟಾಗಿದೆ ಎಂಬ ಕಾರಣಕ್ಕೇ ಅವರ ಶ್ರಮ ಮರೆಯಾಗುತ್ತದೆ ಎಂದು ನನಗನ್ನಿಸುತ್ತದೆ. ಅಂದು ಅವರು ತುಳಿದದ್ದು 277.25 ಮೈಲಿ, ಅಂದರೆ ಸುಮಾರು 446 ಕಿಲೋಮೀಟರು: ನಮ್ಮ ಆ ದಿನದ ದಾರಿಯ ಐದು ಪಟ್ಟಿಗೆ ಹತ್ತಿರ. ಪುರುಷರಲ್ಲಿ ಅದನ್ನು ಮೀರಿಸುವವರು ಬಂದದ್ದು 1969ರಲ್ಲಿ; ಮಹಿಳೆಯರ ದಾಖಲೆಯಾಗಿ ಅದು 2017ರವರೆಗೆ ಉಳಿಯಿತು.

ಕೊಲ್ಹಾರ ಬಿಟ್ಟೊಡನೆ ಕೃಷ್ಣೆಯ ಉದ್ದನೆಯ ಸೇತುವೆ. ಆಲಮಟ್ಟಿಯ ಹಿನ್ನೀರಿನ ಮೇಲಿಂದ ಮೂಡಗಾಳಿ ಎಡಮಗ್ಗುಲಿಗೆ ಬಡಿಯುತ್ತಿತ್ತು. ಇಂಥ ಅಡ್ಡಗಾಳಿಯಲ್ಲಿ ಮುಂದಿನವರ ನೇರ ಹಿಂದೆ ಗಾಳಿಯಿಂದ ಆಸರೆ ಸಿಗುವುದಿಲ್ಲ. ಕೊಂಚ ಬಲಕ್ಕೆ, ಗಾಲಿಗೆ ಗಾಲಿ ಗೇಣಂತರದಲ್ಲಿ ಸರಿಯಬೇಕು. ಬಲಕ್ಕೆ ಸರಿದರೆ ಲಾರಿಗಳು. ಸರತಿಯ ಮೇಲೆ ಒಬ್ಬೊಬ್ಬರೇ ಮುಂದೆ ನಿಂತು ಗಾಳಿಯನ್ನು ಮೈಮೇಲೆ ತೆಗೆದುಕೊಂಡೆವು. ಟೈಮ್ ಟ್ರಯಲ್‌ನಲ್ಲಿ ಈ ಆಸರೆ ಪಡೆಯುವಂತಿಲ್ಲ, ಹನ್ನೆರಡು ಗಂಟೆಯ ಗಾಳಿಯೂ ಒಬ್ಬರದೇ ಎಂಬುದನ್ನು ಅಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ.

ಅನಗವಾಡಿಯಲ್ಲಿ ಘಟಪ್ರಭೆ ದಾಟಿ, ಗದ್ದನಕೇರಿ ಕ್ರಾಸ್ ಹಾದು ನವನಗರ ಸೇರಿದೆವು. ಅಲ್ಲಿ ರೊಟ್ಟಿ ಊಟಕ್ಕೆ ಕುಳಿತಾಗ 1976ರ ಬ್ರಿಟಿಷ್ ರಾಷ್ಟ್ರೀಯ ರಸ್ತೆ ಸ್ಪರ್ಧೆಯ ಪ್ರಸಂಗ ಹೇಳಿದೆ. ಅದರಲ್ಲಿ ಮಗಳು ಡೆನಿಸ್ ಗುರಿಯ ಬಳಿಯ ಕೊನೆಯ ನುಗ್ಗಾಟದಲ್ಲಿ ತಾಯಿಯನ್ನು ಸೋಲಿಸಿದಳು. ಬೆರಿಲ್ ವೇದಿಕೆಯಲ್ಲಿ ಅವಳ ಕೈ ಕುಲುಕಲಿಲ್ಲ. ಮುಂದೆ ನಿಂತು ಗಾಳಿ ಸೀಳುವ ಕೆಲಸದಲ್ಲಿ ಮಗಳು ತನ್ನ ಪಾಲು ಮಾಡಲಿಲ್ಲವೆಂಬುದು ಅವರ ಸಿಟ್ಟು. ಹಿರಿಯರೊಬ್ಬರು, ತಾಯಿಗೆ ಅಷ್ಟು ಬಿಗಿ ಸಲ್ಲದೆಂದರು. "ಗಾಳ್ಯಾಗ ಮುಂದ ಬರದವ್ರ ಮ್ಯಾಲ ನನಗೂ ಸಿಟ್ಟ ಬರ್ತದರಿ ಕಾಕಾ, ಆದ್ರ ಕೈ ಕೊಡಬೇಕಿತ್ತು" ಎಂದು ಹುಡುಗಿ ವಾದಿಸಿದಳು. ಆಸರೆಯಲ್ಲಿ ಉಳಿದು ಕೊನೆಗೆ ನುಗ್ಗುವುದೂ ರಸ್ತೆ ಸ್ಪರ್ಧೆಯ ನ್ಯಾಯವಾದ ತಂತ್ರವೇ ಆದ್ದರಿಂದ ನಾನು ಡೆನಿಸಳ ಪಕ್ಷ ವಹಿಸಿದೆ. ಊಟ ಮುಗಿದರೂ ಆ ವ್ಯಾಜ್ಯ ಬಗೆಹರಿಯಲಿಲ್ಲ.