ಕೋಚ್ ಆಗಬೇಕಾದರೆ ದೊಡ್ಡ ಆಟಗಾರನೇ ಆಗಿರಬೇಕಾ?

ಬಿ.ಪಿ.ಎಡ್. (ದೈಹಿಕ ಶಿಕ್ಷಣದ ಪದವಿ) ಓದುವ ಹುಡುಗ ಹುಡುಗಿಯರು ತಪ್ಪದೇ ಕೇಳುವ ಪ್ರಶ್ನೆ ಇದು: ಕಾಲೇಜು ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಒಳ್ಳೆಯ ಕೋಚ್ ಆಗಬೇಕಾದರೆ ಮೊದಲು ಹೆಸರುವಾಸಿ ಆಟಗಾರನಾಗಿರಲೇಬೇಕಾ? ಆಡಿದ ಹೆಸರಿದ್ದರೆ ಕೆಲಸ ಸಿಗುವುದು ಸುಲಭ, ಅಷ್ಟೇ. ಮುಂದಿನದು ಕಲಿಸಲು ಬರುತ್ತದೋ ಇಲ್ಲವೋ ಎಂಬುದರ ಮೇಲೆ. ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಕೋಚ್ ಜಾನ್ ವುಡನ್ ಅವರ ವೃತ್ತಿಜೀವನ ನೋಡಿದರೆ ಇದು ಗೊತ್ತಾಗುತ್ತದೆ.

ಅಮೆರಿಕದ ಇಂಡಿಯಾನಾದಲ್ಲಿ 1910ರಲ್ಲಿ ಹುಟ್ಟಿದ ವುಡನ್ ಪರ್ಡ್ಯೂ ವಿಶ್ವವಿದ್ಯಾಲಯಕ್ಕೆ ಗಾರ್ಡ್ (ಬಾಲ್ ನಡೆಸಿಕೊಂಡು ಹೋಗುವ ಆಟಗಾರ) ಆಗಿ ಆಡಿದವರು. 1930ರಿಂದ 1932ರವರೆಗೆ ಮೂರು ವರ್ಷವೂ ಆಲ್-ಅಮೆರಿಕನ್, ಅಂದರೆ ದೇಶದ ಅತ್ಯುತ್ತಮ ಕಾಲೇಜು ಆಟಗಾರರ ಪಟ್ಟಿಯಲ್ಲಿ. ಅಂಥವರು ಕೆಂಟಕಿಯ ಡೇಟನ್ ಹೈಸ್ಕೂಲಿಗೆ ಮೇಷ್ಟ್ರೂ ಕೋಚೂ ಆಗಿ ಹೋದ ಮೊದಲ ಸೀಸನ್‌ನಲ್ಲಿ ಗೆದ್ದದ್ದು 6, ಸೋತದ್ದು 11. ಮುಂದೆಂದೂ ಅವರಿಗೆ ಗೆಲುವಿಗಿಂತ ಸೋಲು ಹೆಚ್ಚಿನ ಸೀಸನ್ ಬರಲಿಲ್ಲ. ಕೈಗೆ ಸಲೀಸಾಗಿ ಬಂದ ವಿದ್ಯೆಯನ್ನು ಬಿಡಿಸಿ ಹೇಳುವುದು ಕಷ್ಟ. ದೊಡ್ಡ ಆಟಗಾರರು ಕೋಚ್ ಆಗಿ ಎಡವುವುದು ಹೆಚ್ಚಾಗಿ ಇಲ್ಲೇ.

1948ರಲ್ಲಿ ಲಾಸ್ ಏಂಜಲೀಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯಕ್ಕೆ ಕೋಚ್ ಆಗಿ ಬಂದರು. ಮೊದಲ ಎನ್‌ಸಿಎಎ (ಅಮೆರಿಕದ ರಾಷ್ಟ್ರೀಯ ಕಾಲೇಜು ಚಾಂಪಿಯನ್‌ಷಿಪ್) ಕಿರೀಟ ಸಿಕ್ಕಿದ್ದು 1964ರಲ್ಲಿ, ಅಲ್ಲಿನ ಹದಿನಾರನೆಯ ಸೀಸನ್‌ನಲ್ಲಿ. (ಈಗಿನ ಯಾವ ಆಡಳಿತ ಮಂಡಳಿ ಅಷ್ಟು ಕಾಯುತ್ತದೆ?) ಅಲ್ಲಿಂದ 1975ರೊಳಗೆ ಒಟ್ಟು ಹತ್ತು.

ಕಲಿಯಬೇಕಾದದ್ದು ಅವರ ಪ್ರಾಕ್ಟೀಸ್ ಕ್ರಮವನ್ನು. ಬೆಳಿಗ್ಗೆ ಸಹಾಯಕ ಕೋಚ್‌ಗಳ ಜೊತೆ ಕೂತು ಅವತ್ತಿನ ಅಭ್ಯಾಸವನ್ನು ನಿಮಿಷದ ಲೆಕ್ಕದಲ್ಲಿ ಗೊತ್ತುಮಾಡುತ್ತಿದ್ದರು. ಎರಡು ತಾಸಿನ ಆಸುಪಾಸಿನ ಅಭ್ಯಾಸಕ್ಕೆ ತಯಾರಿಯೂ ಹೆಚ್ಚೂಕಡಿಮೆ ಅಷ್ಟೇ ಹೊತ್ತು. 3×5 ಇಂಚಿನ ಕಾರ್ಡಿನಲ್ಲಿ ಬರೆದುಕೊಂಡು ಅಂಗಳಕ್ಕೆ ಇಳಿಯುತ್ತಿದ್ದರು. ಹಳೆಯ ಯೋಜನೆಗಳನ್ನೂ ಎತ್ತಿಡುತ್ತಿದ್ದರು, ಹಿಂದಿನ ವರ್ಷ ಇದೇ ಹೊತ್ತಿಗೆ ಏನು ಮಾಡಿಸಿದ್ದೆವು ಎಂದು ತಿರುಗಿ ನೋಡಲು.

ತಿದ್ದುವ ರೀತಿಯೂ ಬೇರೆ. ಆಟ ನಿಲ್ಲಿಸಿ ಸರಿಯಾದದ್ದನ್ನು ಮಾಡಿ ತೋರಿಸುವುದು, ಆಟಗಾರ ಮಾಡಿದ್ದನ್ನು ಹಾಗೇ ಮಾಡಿ ತೋರಿಸುವುದು, ಮತ್ತೆ ಸರಿಯಾದದ್ದು. ಕೆಲವೇ ಸೆಕೆಂಡುಗಳಲ್ಲಿ ಮುಗಿದು ಆಟ ಮುಂದುವರಿಯುತ್ತಿತ್ತು. 1974-75ರಲ್ಲಿ ರೋನಲ್ಡ್ ಗ್ಯಾಲಿಮೋರ್ ಮತ್ತು ರೋಲಂಡ್ ಥಾರ್ಪ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಪಕ್ಕದಲ್ಲಿ ಕೂತು ಅವರ 2,326 ಮಾತು-ಕ್ರಿಯೆಗಳನ್ನು ಗುರುತುಹಾಕಿಕೊಂಡರು. ಶಹಬ್ಬಾಸ್ ಎಂದದ್ದು ಶೇ. 7ರ ಒಳಗೆ, ಬೈದದ್ದೂ ಅಷ್ಟೇ. ಸುಮಾರು ಮುಕ್ಕಾಲು ಪಾಲು ಬರೀ ಮಾಹಿತಿ: ಕಾಲು ಎಲ್ಲಿಡಬೇಕು, ಪಾಸ್ ಯಾವಾಗ ಕೊಡಬೇಕು. ಮೈದಾನದ ಅಂಚಿನಲ್ಲಿ ನಿಂತು "ಕಮಾನ್, ಕಮಾನ್" ಎಂದು ಗಂಟಲು ಹರಿದುಕೊಳ್ಳುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು.

ಸೀಸನ್‌ನ ಮೊದಲ ಪಾಠ ಕಾಲುಚೀಲ. ನಗುವಂಥದ್ದೇನಿಲ್ಲ. ಚೀಲ ಎಳೆದುಕೊಂಡ ಮೇಲೆ ಕಿರುಬೆರಳು ಮತ್ತು ಹಿಮ್ಮಡಿಯ ಹತ್ತಿರ ಕೈಯಾಡಿಸಿ ಒಂದೂ ಸುಕ್ಕಿಲ್ಲದಂತೆ ಮಾಡಬೇಕು. ಶೂಗೆ ಕಾಲು ತೂರಿಸುವಾಗ ಚೀಲವನ್ನು ಮೇಲಕ್ಕೆ ಹಿಡಿದೇ ಇರಬೇಕು. ಲೇಸನ್ನು ಒಂದೊಂದು ತೂತಿನಲ್ಲೂ ಬಿಗಿದು, ಕೊನೆಗೆ ಎರಡು ಗಂಟು. ಸುಕ್ಕು ಇದ್ದರೆ, ಶೂ ಅರ್ಧ ಸೈಜು ದೊಡ್ಡದಾಗಿದ್ದರೆ ಕಾಲು ಒಳಗೆ ಜಾರಿ ಬೊಬ್ಬೆ ಏಳುತ್ತದೆ. ಬೊಬ್ಬೆ ಎದ್ದವನು ತಿರುಗುವಾಗ ಹಿಂಜರಿಯುತ್ತಾನೆ.

1964ರ ತಂಡದ ಮೊದಲ ಐವರಲ್ಲಿ ಯಾರೂ 6 ಅಡಿ 5 ಇಂಚಿಗಿಂತ ಎತ್ತರವಿರಲಿಲ್ಲ. ಅವರನ್ನು ಗೆಲ್ಲಿಸಿದ್ದು 2-2-1 ಝೋನ್ ಪ್ರೆಸ್, ಅಂದರೆ ಅಂಗಳದ ಉದ್ದಕ್ಕೂ ಜಾಗ ಹಂಚಿಕೊಂಡು ಎದುರಾಳಿಯ ಮೇಲೆ ಒತ್ತಡ ಹಾಕುವ ರಕ್ಷಣೆ. ಎದುರಾಳಿ ಗೆರೆಯ ಹೊರಗಿನಿಂದ ಬಾಲನ್ನು ಅಂಗಳದೊಳಕ್ಕೆ ಹಾಕುತ್ತಿದ್ದಂತೆ ಇಬ್ಬರು ಮುಂದೆ, ಇಬ್ಬರು ನಡುವೆ, ಒಬ್ಬ ಹಿಂದೆ. ಬಾಲ್ ಹಿಡಿದವನನ್ನು ಸೈಡ್‌ಲೈನ್ ಕಡೆಗೆ ತಳ್ಳಿ ಇಬ್ಬರು ಮುತ್ತುವುದು. ಬಾಲ್ ಕಸಿಯುವುದು ಇದರ ಮುಖ್ಯ ಗುರಿಯಲ್ಲ. ಅವಸರ ಹುಟ್ಟಿಸಿದರೆ ತಪ್ಪು ಪಾಸ್ ತಾನಾಗೇ ಬರುತ್ತದೆ. ಕೆಡುವುದು ಎರಡು ಕಡೆ: ಮುಂದಿನವರು ದಣಿದು ಅರ್ಧ ಹೆಜ್ಜೆ ತಡಮಾಡಿದರೆ ನಡುವೆ ದಾರಿ ತೆರೆಯುತ್ತದೆ, ಹಿಂದಿನವನು ಆಸೆಗೆ ಬಿದ್ದು ಮುನ್ನುಗ್ಗಿದರೆ ಬುಟ್ಟಿ ಕಾಯಲು ಯಾರೂ ಇಲ್ಲ. ಈ ಪ್ರೆಸ್ ಮತ್ತೆ ಹಚ್ಚೋಣ ಎಂದು ಪಟ್ಟುಹಿಡಿದವರು ಸಹಾಯಕ ಕೋಚ್ ಜೆರ್ರಿ ನಾರ್ಮನ್. ಫೈನಲ್‌ನಲ್ಲಿ ಡ್ಯೂಕ್ ವಿರುದ್ಧ 98-83. ಸಹಾಯಕನ ಮಾತು ಕೇಳುವುದೂ ಕೋಚ್ ಕೆಲಸವೇ, ಆಲ್-ಅಮೆರಿಕನ್ ಆಗಿದ್ದವರಿಗೆ ಅದು ಇನ್ನಷ್ಟು ಕಷ್ಟ.

ವುಡನ್ ಕ್ರಮಕ್ಕೂ ಒಂದು ದುರ್ಬಲ ಜಾಗವಿತ್ತು. ಕಲಿಸುವುದೆಲ್ಲ ಪ್ರಾಕ್ಟೀಸ್‌ನಲ್ಲೇ ಮುಗಿದಿರಬೇಕು ಎಂದು ನಂಬಿದವರು, ಪಂದ್ಯದಲ್ಲಿ ಟೈಮ್‌ಔಟ್ (ಆಟ ನಿಲ್ಲಿಸಿ ತಂಡದ ಜೊತೆ ಮಾತಾಡುವ ಪುಟ್ಟ ಬಿಡುವು) ಕೇಳುವುದು ಕಡಿಮೆ. ಸತತ 88 ಗೆಲುವಿನ ಬಳಿಕ, 1974ರ ಜನವರಿ 19ರಂದು ನೋಟರ್ ಡೇಮ್ ಎದುರು ಕೊನೆಯ ನಿಮಿಷಗಳಲ್ಲಿ 11 ಪಾಯಿಂಟ್ ಮುಂದಿದ್ದ ತಂಡ ಒಂದೇ ಸಮನೆ 12 ಪಾಯಿಂಟ್ ಬಿಟ್ಟುಕೊಟ್ಟು 71-70ರಲ್ಲಿ ಸೋತಿತು. ಪ್ರಾಕ್ಟೀಸ್ ಕಾರ್ಡನ್ನು ಅನುಕರಿಸುವವರು ಟೈಮ್‌ಔಟ್ ವಿಷಯದಲ್ಲಿ ಮಾತ್ರ ಅವರನ್ನು ಅನುಕರಿಸಬೇಡಿ.